ಮೀನು ಮನೆ ಬದಲಿಸಿದಾಗ

ಗದಗ-ಬೆಟಗೇರಿ ಅವಳಿ ನಗರದ ಬೆಟಗೇರಿ ಭಾಗದಲ್ಲಿ, ಕೈಮಗ್ಗದ ಸದ್ದು ಇನ್ನೂ ಕಿವಿಗೆ ಬೀಳುವ ಒಂದು ಓಣಿಯಲ್ಲಿ ನಾವು ವಾಸವಾಗಿದ್ದಾಗಿನ ಮಾತು. ಪಡಸಾಲೆಯ ಗೂಡಿನಲ್ಲಿ ಒಂದು ಚಿಕ್ಕ ಗಾಜಿನ ತೊಟ್ಟಿ ಇತ್ತು. ಅದರ ಉದ್ದ ೪೫ ಸೆಂಟಿಮೀಟರು, ಅಗಲ ೨೫, ಎತ್ತರ ೩೦. ಅಂಚಿನವರೆಗೆ ತುಂಬಿದರೆ ಸುಮಾರು ೩೪ ಲೀಟರು ನೀರು. ಅದರಲ್ಲಿ ಒಂಬತ್ತು ಹೊನ್ನಮೀನುಗಳು ವರುಷದ ಮೇಲೆ ಬದುಕಿದ್ದವು. ತಂದಾಗ ಕಿರುಬೆರಳಿನಷ್ಟಿದ್ದವು; ಬರಬರುತ್ತ ಅಂಗೈಯ ಅಗಲಕ್ಕೆ ಬೆಳೆದು, ಒಂದು ತಿರುಗಬೇಕಾದರೆ ಇನ್ನೊಂದು ಸರಿಯಬೇಕು ಎಂಬಂತಾಯಿತು. ಅವುಗಳ ಇಕ್ಕಟ್ಟನ್ನು ಕಂಡು ಮನೆಯ ಮಕ್ಕಳು ಮರುಗಿದರು. ಹಬ್ಬಕ್ಕೆ ಬಂದ ಹಣವನ್ನೆಲ್ಲ ಕೂಡಿಸಿ ಒಂದು ದೊಡ್ಡ ತೊಟ್ಟಿಯನ್ನು ತರಿಸಲಾಯಿತು. ಉದ್ದ ೯೦ ಸೆಂಟಿಮೀಟರು, ಅಗಲ ೪೫, ಎತ್ತರ ೪೫; ಅಂದರೆ ಸುಮಾರು ೧೮೦ ಲೀಟರು. ಹಳೆಯ ಮನೆಗಿಂತ ಐದು ಪಟ್ಟು ದೊಡ್ಡ ಮನೆ.

ಒಂದು ಭಾನುವಾರ ಎಲ್ಲರೂ ಸೇರಿ ಕೆಲಸಕ್ಕೆ ತೊಡಗಿದೆವು. ಹಳೆಯ ತೊಟ್ಟಿಯ ಹರಳುಗಳನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ತೊಳೆದೆವು. ಗಾಳಿಯಂತ್ರಕ್ಕೆ ಜೋಡಿಸಿದ್ದ ಸ್ಪಂಜು ಕಂದುಬಣ್ಣಕ್ಕೆ ತಿರುಗಿತ್ತು; ಅದನ್ನೂ ಹಿಂಡಿ ಹಿಂಡಿ ಹೊಸದರಂತೆ ಮಾಡಿದೆವು. ಹಳದಿಗಟ್ಟಿದ್ದ ಹಳೆಯ ನೀರನ್ನು ಅಂಗಳದ ಕರಿಬೇವಿನ ಗಿಡಕ್ಕೆ ಸುರಿದೆವು. ಹೊಸ ತೊಟ್ಟಿಗೆ ಹೊಸ ನೀರು ತುಂಬಿ ಸಂಜೆಯ ಹೊತ್ತಿಗೆ ಮೀನುಗಳನ್ನು ಬಿಟ್ಟೆವು. ಅವು ಉದ್ದಕ್ಕೂ ಓಡಾಡುವುದನ್ನು ನೋಡಿ ನಮಗಾದ ಆನಂದ ಅಷ್ಟಿಷ್ಟಲ್ಲ. ಮೂರನೆಯ ದಿನ ಒಂದು ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಲಾರಂಭಿಸಿತು. ನಾಲ್ಕನೆಯ ದಿನ ಎರಡು ಸತ್ತವು. ಆರನೆಯ ದಿನ ಮುಗಿಯುವುದರೊಳಗೆ ಏಳು ಮೀನುಗಳು ಇಲ್ಲವಾದವು. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿತ್ತು.

ಇಕ್ಕಟ್ಟಿನಲ್ಲಿ, ಮಬ್ಬು ನೀರಿನಲ್ಲಿ ವರ್ಷವಿಡೀ ಬದುಕಿದ ಜೀವಗಳು ವಿಶಾಲವಾದ ಶುಚಿಯಾದ ಮನೆಯಲ್ಲಿ ಒಂದು ವಾರ ಬದುಕಲಿಲ್ಲವೇಕೆ? ಅಂಗಡಿಯಾತನು ರೋಗವೆಂದನು, ನೆರೆಮನೆಯವರು ದೃಷ್ಟಿಯೆಂದರು. ಕೊಂದವರು ನಾವೇ ಎಂಬುದು ತಿಳಿಯಲು ನನಗೆ ಕೆಲವು ಪುಸ್ತಕಗಳನ್ನು ಓದಬೇಕಾಯಿತು.

ಮೀನಿಗೂ ನೀರಿಗೂ ಇರುವ ಸಂಬಂಧವನ್ನು ಮೊದಲು ಅರಿಯಬೇಕು. ನಾವು ಗಾಳಿಯಲ್ಲಿ ಬದುಕುತ್ತೇವೆ. ಆದರೆ ನಮ್ಮ ಮಲಮೂತ್ರಗಳನ್ನು ನಾವು ಉಸಿರಾಡುವುದಿಲ್ಲ. ಮೀನಿಗಾದರೋ ನೀರೇ ಗಾಳಿ, ನೀರೇ ಊಟದ ತಟ್ಟೆ, ನೀರೇ ಬಚ್ಚಲು. ಒಂದು ಲೀಟರು ನೀರಿನಲ್ಲಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವಾಗ ಹೆಚ್ಚೆಂದರೆ ೯ ಮಿಲಿಗ್ರಾಮಿನಷ್ಟು ಆಮ್ಲಜನಕ ಕರಗಿರುತ್ತದೆ. ಒಂದು ಲೀಟರು ಗಾಳಿಯಲ್ಲಿ ಅದರ ಸುಮಾರು ಮೂವತ್ತು ಪಟ್ಟು ಇರುತ್ತದೆ. ನೀರು ಕಾದಷ್ಟೂ ಈ ಅಲ್ಪ ಸಂಪತ್ತೂ ಕರಗುತ್ತದೆ. ೩೦ ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಇಷ್ಟು ಸ್ವಲ್ಪವಾದ ಆಮ್ಲಜನಕವನ್ನು ಹೀರಿಕೊಳ್ಳಬೇಕಾದ್ದರಿಂದ ಮೀನಿನ ಕಿವಿರುಗಳು ಅತ್ಯಂತ ತೆಳುವಾದ ಪೊರೆಯಿಂದ ಆಗಿವೆ. ರಕ್ತಕ್ಕೂ ಹೊರಗಿನ ನೀರಿಗೂ ನಡುವೆ ಇರುವ ಗೋಡೆ ಅಷ್ಟೇ. ನೀರಿನಲ್ಲಿ ಏನು ಬದಲಾದರೂ ಅದು ಕ್ಷಣಮಾತ್ರದಲ್ಲಿ ರಕ್ತಕ್ಕೆ ತಿಳಿಯುತ್ತದೆ.

ಈ ಕಿವಿರುಗಳಿಂದ ಆಮ್ಲಜನಕ ಒಳಕ್ಕೆ ಹೋಗುವಂತೆಯೇ ಅಮೋನಿಯ ಎಂಬ ವಿಷ ಹೊರಕ್ಕೆ ಬರುತ್ತದೆ. ತಿಂದ ಆಹಾರದಲ್ಲಿನ ಸಸಾರಜನಕವು ದೇಹದಲ್ಲಿ ಒಡೆದಾಗ ಹುಟ್ಟುವ ಕಲ್ಮಷವಿದು. ಮನುಷ್ಯನ ದೇಹ ಅದನ್ನು ಯೂರಿಯವನ್ನಾಗಿ ಮಾರ್ಪಡಿಸಿ ಮೂತ್ರದಲ್ಲಿ ಕಳಿಸುತ್ತದೆ. ಮೀನು ಅಷ್ಟು ಶ್ರಮಪಡುವುದಿಲ್ಲ. ಹಾಗೆಯೇ ನೀರಿಗೆ ಬಿಟ್ಟುಬಿಡುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ಅದರಿಂದ ಕೇಡಿಲ್ಲ. ಆದರೆ ಗಾಜಿನ ನಾಲ್ಕು ಗೋಡೆಗಳ ನಡುವೆ ಅದು ಎಲ್ಲಿಗೆ ಹೋಗಬೇಕು?

ಇಲ್ಲಿ ಒಂದು ಹಳೆಯ ಕಥೆಯನ್ನು ಹೇಳಬೇಕು. ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ ನೀರಿನಲ್ಲಿ ಬೆಳೆಯುವ ವ್ಯಾಲಿಸ್ನೇರಿಯ ಎಂಬ ಸಸ್ಯವನ್ನೂ ಇಟ್ಟನು. ಎಲೆಗಳು ಕೊಳೆತು ನೀರು ಕಲಕಿದಾಗ ಕೆಲವು ನೀರುಬಸವನಹುಳುಗಳನ್ನು ಸೇರಿಸಿದನು. ಅವು ಕೊಳೆತ ಎಲೆಗಳನ್ನು ತಿಂದವು. ನೀರನ್ನು ಬದಲಿಸದೆಯೇ ಈ ಪುಟ್ಟ ಲೋಕ ತಿಂಗಳುಗಟ್ಟಲೆ ಬಾಳಿತು. ೧೮೫೦ರಲ್ಲಿ ಆತ ಇದನ್ನು ಪ್ರಕಟಿಸಿದನು. ಮೂರು ವರ್ಷಗಳ ಬಳಿಕ, ೧೮೫೩ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮತ್ಸ್ಯಾಲಯ ತೆರೆಯಿತು. ಸಸ್ಯವು ಆಮ್ಲಜನಕವನ್ನು ಕೊಡುತ್ತದೆ, ಮೀನು ಸಸ್ಯಕ್ಕೆ ಗೊಬ್ಬರವನ್ನು ಕೊಡುತ್ತದೆ, ಹೀಗೆ ಒಂದು ಸಮತೋಲನವಿದೆ ಎಂಬುದು ವಾರಿಂಗ್ಟನ್ನನ ವಿವರಣೆ. ಅದು ಸರಿಯೇ, ಆದರೆ ಪೂರ್ಣವಲ್ಲ. ಆ ಪಾತ್ರೆಯಲ್ಲಿ ಆತನ ಕಣ್ಣಿಗೆ ಬೀಳದ ಇನ್ನೊಂದು ವರ್ಗದ ನಿವಾಸಿಗಳಿದ್ದರು. ಸೋಜಿಗವೆಂದರೆ ಅವರ ಬೆನ್ನು ಹತ್ತಿದವನು ಆತನ ಮಗನೇ. ತಂದೆಯ ಹೆಸರನ್ನೇ ಹೊತ್ತ ಈ ಕಿರಿಯ ವಾರಿಂಗ್ಟನ್ ರೋಥಾಮ್‌ಸ್ಟೆಡ್ ಎಂಬಲ್ಲಿನ ಕೃಷಿ ಸಂಶೋಧನ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತಿದ್ದನು. ಮಣ್ಣಿನಲ್ಲಿ ಅಮೋನಿಯವು ಮೊದಲು ನೈಟ್ರೈಟ್ ಆಗಿಯೂ, ಆಮೇಲೆ ನೈಟ್ರೇಟ್ ಆಗಿಯೂ ಮಾರ್ಪಡುವುದೆಂದೂ, ಈ ಎರಡು ಹೆಜ್ಜೆಗಳನ್ನು ಎರಡು ಬೇರೆ ಬೇರೆ ಸೂಕ್ಷ್ಮಜೀವಿಗಳು ನಡೆಸುತ್ತವೆಂದೂ ಆತ ತೋರಿಸಿದನು. ಆದರೆ ಅವುಗಳನ್ನು ಬೇರ್ಪಡಿಸಿ ಬೆಳೆಸಲು ಆತನಿಂದಾಗಲಿಲ್ಲ. ಆ ಕೀರ್ತಿ ೧೮೯೦ರಲ್ಲಿ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿಗೆ ಸಂದಿತು. ಉಳಿದ ಬ್ಯಾಕ್ಟೀರಿಯಗಳಿಗೆ ಉಣಿಸುವ ಸಾರವತ್ತಾದ ಆಹಾರವನ್ನು ಈ ಜೀವಿಗಳು ಒಲ್ಲವು. ಬರಿಯ ಲವಣಗಳ ಮೇಲೆಯೇ ಬದುಕುತ್ತವೆ ಎಂಬುದನ್ನು ಆತ ಕಂಡುಕೊಂಡಿದ್ದನು.

ಮೀನಿನ ತೊಟ್ಟಿಯ ನಿಜವಾದ ಯಜಮಾನರು ಈ ಜೀವಿಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಕೆಂಪು ವರ್ಣದ್ರವ್ಯವನ್ನು ಹಿಡಿದು, ಆಮ್ಲಜನಕವನ್ನು ಹೊರಲಾರದಂತೆ ಮಾಡಿ, ರಕ್ತವನ್ನು ಕಂದುಗೊಳಿಸುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟಾಗಿ ಕೆಡುಕನ್ನು ಮಾಡದು. ಸಸ್ಯಗಳು ಅದನ್ನು ಹೀರುತ್ತವೆ. ಉಳಿದದ್ದನ್ನು ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿ ಹೊರಹಾಕಬಹುದು. ಇವು ನೀರಿನಲ್ಲಿ ತೇಲಾಡುವ ಜೀವಿಗಳಲ್ಲ. ಹರಳುಗಳ ಮೈಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸದಾ ನೀರು ಹಾಯುವ ಸ್ಪಂಜಿನ ಕಿಂಡಿಗಳಲ್ಲಿ ಅಂಟಿಕೊಂಡು ಬಾಳುತ್ತವೆ. ನಾವು ಆ ಭಾನುವಾರ ಕೊಳೆಯೆಂದು ತಿಳಿದು ಹಿಂಡಿ ಚರಂಡಿಗೆ ಬಿಟ್ಟ ಕಂದು ದ್ರವ್ಯದಲ್ಲಿ ಒಂಬತ್ತು ಮೀನುಗಳ ಜೀವರಕ್ಷಕರಿದ್ದರು. ಉಳಿದಿದ್ದ ಒಂದಿಷ್ಟನ್ನು ನಲ್ಲಿಯ ನೀರಿನ ಕ್ಲೋರಿನ್ ಮುಗಿಸಿತ್ತು.

ಈ ಜೀವಿಗಳು ಬಹಳ ನಿಧಾನವಾಗಿ ವೃದ್ಧಿಯಾಗುತ್ತವೆ. ಮೊಸರಿನ ಬ್ಯಾಕ್ಟೀರಿಯ ಒಂದು ರಾತ್ರಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಇವಕ್ಕೆ ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟರವರೆಗೆ ಹೊಸ ತೊಟ್ಟಿಯು ಬಚ್ಚಲಿಲ್ಲದ ಮನೆ. ಆದ್ದರಿಂದ ಮೀನುಗಳನ್ನು ದೊಡ್ಡ ತೊಟ್ಟಿಗೆ ಸಾಗಿಸುವ ಕೆಲಸವು ಮೀನನ್ನು ಹಿಡಿಯುವ ದಿನ ಪ್ರಾರಂಭವಾಗುವುದಿಲ್ಲ. ಅದಕ್ಕೆ ಒಂದು ತಿಂಗಳು ಮುಂಚೆಯೇ ಪ್ರಾರಂಭವಾಗುತ್ತದೆ.

ಹೊಸ ತೊಟ್ಟಿಯನ್ನು ಮೊದಲು ಗಟ್ಟಿಯಾದ, ಏರುತಗ್ಗಿಲ್ಲದ ಪೀಠದ ಮೇಲೆ ಇಡಬೇಕು. ೧೮೦ ಲೀಟರು ನೀರೆಂದರೆ ೧೮೦ ಕಿಲೋಗ್ರಾಂ ತೂಕ. ಗಾಜು, ಹರಳುಗಳು ಸೇರಿ ಇನ್ನೂ ಹೆಚ್ಚು. ನಾಲ್ಕು ಜನ ದೊಡ್ಡವರು ಒಂದು ಮೇಜಿನ ಮೇಲೆ ಹಗಲಿರುಳೂ ಕುಳಿತಂತೆ. ತೊಟ್ಟಿಯ ಅಡಿಗೆ ಥರ್ಮೋಕೋಲಿನ ಹಲಗೆಯೊಂದನ್ನು ಹಾಸಿದರೆ ಭಾರ ಒಂದೇ ಕಡೆ ಬೀಳದೆ ಗಾಜು ಬಿರಿಯುವುದು ತಪ್ಪುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಸೋಪು ಹಾಕಿ ತೊಳೆಯಲೇಬಾರದು. ಇವು ಯಾರಿಗೂ ತಿಳಿಯುವ ಸಂಗತಿಗಳು. ನೀರಿನ ಸಂಗತಿಯೇ ಬೇರೆ.

ನಮ್ಮ ಜಿಲ್ಲೆಯಲ್ಲಿ ನೀರು ಎಂಬುದು ಒಂದೇ ಪದವಾದರೂ ಒಂದೇ ವಸ್ತುವಲ್ಲ. ಗದಗ-ಬೆಟಗೇರಿಯ ನಲ್ಲಿಗಳಲ್ಲಿ ಬರುವುದು ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ನೀರು. ಅದನ್ನು ಎತ್ತಿ, ಸೋಸಿ, ಕ್ಲೋರಿನ್ ಬೆರೆಸಿ ಕಳಿಸಲಾಗುತ್ತದೆ. ಮನುಷ್ಯರನ್ನು ಕಾಲರಾದಿಂದ ಕಾಯುವ ಈ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಸ್ಪಂಜಿನ ಜೀವಿಗಳನ್ನು ಕೊಲ್ಲುತ್ತದೆ. ಅಗಲವಾದ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ಇರುಳು ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟಿನ ಒಂದೆರಡು ಹರಳು ಸಾಕು. ಹಿಂದಿನ ಕಾಲದ ಛಾಯಾಚಿತ್ರಗಾರರು ಕತ್ತಲೆಕೋಣೆಯಲ್ಲಿ ‘ಹೈಪೋ’ ಎಂದು ಬಳಸುತ್ತಿದ್ದುದೂ ಇದನ್ನೇ. ನಲ್ಲಿ ದಿನವೂ ಬಾರದ ಊರಿನಲ್ಲಿ ನೀರನ್ನು ಹಲವು ದಿನ ಶೇಖರಿಸಿಡುವುದು ಗೃಹಿಣಿಯರಿಗೆ ದೊಡ್ಡ ಕಷ್ಟ. ಮೀನು ಸಾಕುವವನಿಗೆ ಮಾತ್ರ ಅದರಲ್ಲಿ ಒಂದು ಅನುಕೂಲವಿದೆ: ತೆರೆದ ಹೌದಿನಲ್ಲಿ ನಾಲ್ಕು ದಿನ ನಿಂತ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಆದರೆ ಮಾಳಿಗೆಯ ಮೇಲಿನ ಕರಿಯ ಪ್ಲಾಸ್ಟಿಕ್ ತೊಟ್ಟಿಯ ನೀರನ್ನು ಚೈತ್ರ ವೈಶಾಖದ ಮಧ್ಯಾಹ್ನ ನೇರವಾಗಿ ಸುರಿದವನು ಮೀನಿನ ಸಾರನ್ನೇ ಮಾಡಿದಂತಾದೀತು.

ಕೊಳವೆಬಾವಿಯ ನೀರಿನ ಗುಣ ಬೇರೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಅನೇಕ ಹಳ್ಳಿಗಳಲ್ಲಿ ಅದು ಗಡಸು ನೀರು. ಸಾಬೂನು ನೊರೆಗಟ್ಟದು, ಕಾಯಿಸಿದ ಪಾತ್ರೆಗೆ ಬಿಳಿಯ ಪದರ ಕಟ್ಟುತ್ತದೆ. ಮುಂಡರಗಿ ಭಾಗದಲ್ಲಿ ಹಲ್ಲಿಗೆ ಕಲೆ ತರುವ ಫ್ಲೋರೈಡಿನಿಂದಲೂ ಅದು ಹೆಸರುಗೆಟ್ಟಿದೆ. ಗಡಸು ನೀರೆಂದ ಮಾತ್ರಕ್ಕೆ ಮೀನಿಗೆ ಆಗದೆಂದಲ್ಲ. ಹೊನ್ನಮೀನು, ಗಪ್ಪಿ, ಮೋಲಿ ಇವು ಅದರಲ್ಲಿ ಸುಖವಾಗಿರುತ್ತವೆ. ಅಮೆಜಾನ್ ಕಾಡಿನ ಮೆದುನೀರಿನಿಂದ ಬಂದ ನಿಯಾನ್ ಟೆಟ್ರದಂಥ ಮೀನುಗಳಿಗೆ ಅದು ಒಗ್ಗುವುದಿಲ್ಲ. ನೀರಿಗೆ ತಕ್ಕ ಮೀನನ್ನು ಆರಿಸುವುದೇ ಜಾಣತನ. ಮೀನಿಗಾಗಿ ನೀರನ್ನು ತಿದ್ದಹೊರಟವರು ನಾನು ಕಂಡಂತೆ ಎರಡನ್ನೂ ಕಳೆದುಕೊಂಡಿದ್ದಾರೆ. ಆಳದಿಂದ ಈಗ ತಾನೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ಆದ್ದರಿಂದ ಕ್ಲೋರಿನ್ ಇಲ್ಲದಿದ್ದರೂ ಅದನ್ನು ಒಂದು ದಿನ ಗಾಳಿಯಾಡಿಸಿಯೇ ಬಳಸಬೇಕು.

ಹೀಗೆ ನೀರು ತುಂಬಿದ ಮೇಲೆ ತೊಟ್ಟಿಯನ್ನು ಖಾಲಿ ಬಿಡಬಾರದು. ಹಳೆಯ ತೊಟ್ಟಿಯ ಸ್ಪಂಜಿನ ಪಕ್ಕದಲ್ಲಿಯೇ ಹೊಸದೊಂದು ಸ್ಪಂಜನ್ನು ಒಂದು ತಿಂಗಳು ಓಡಿಸಿ, ಬಳಿಕ ಅದನ್ನು ತೊಯ್ದ ಸ್ಥಿತಿಯಲ್ಲಿಯೇ ಹೊಸ ತೊಟ್ಟಿಗೆ ತರುವುದು ಅತ್ಯುತ್ತಮ ಉಪಾಯ. ನಮ್ಮ ತಾಯಂದಿರು ಹಾಲಿಗೆ ಹೆಪ್ಪು ಹಾಕುವಂತೆಯೇ ಇದೂ ಒಂದು ಹೆಪ್ಪು. ಹಳೆಯ ಹರಳುಗಳಲ್ಲಿ ಒಂದಿಷ್ಟನ್ನು ತೊಳೆಯದೆ ಬಟ್ಟೆಯ ಚೀಲದಲ್ಲಿ ಕಟ್ಟಿ ಇಳಿಬಿಟ್ಟರೂ ಆಗುತ್ತದೆ. ಇಂಥ ಹೆಪ್ಪು ದೊರೆಯದಿದ್ದರೆ ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕುತ್ತ ಬರಬೇಕು. ಅದು ಕೊಳೆತು ಅಮೋನಿಯವಾಗಿ, ಗಾಳಿಯಿಂದಲೂ ನೀರಿನಿಂದಲೂ ಬಂದ ಕೆಲವೇ ಜೀವಿಗಳಿಗೆ ಅನ್ನವಾಗುತ್ತದೆ. ಅಮೋನಿಯವನ್ನೂ ನೈಟ್ರೈಟನ್ನೂ ಅಳೆಯುವ ಹನಿಗಳು ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಮೊದಲು ಏರಿ, ಆಮೇಲೆ ಇಳಿದು, ಸೊನ್ನೆಗೆ ಬಂದು ನಿಂತ ದಿನ ಮನೆ ಸಿದ್ಧವಾಯಿತೆಂದು ತಿಳಿಯಬೇಕು.

ಇತ್ತ ಹಳೆಯ ತೊಟ್ಟಿಯನ್ನೂ ಅಣಿಗೊಳಿಸಬೇಕು. ಬಹುಕಾಲ ನೀರು ಬದಲಿಸದ ಇಕ್ಕಟ್ಟಾದ ತೊಟ್ಟಿಯಲ್ಲಿ ನೈಟ್ರೇಟು ಕೂಡಿಕೊಂಡು, ನೀರು ನಿಧಾನವಾಗಿ ಹುಳಿಯಾಗಿರುತ್ತದೆ. ಅಲ್ಲಿನ ಮೀನುಗಳು ಅದಕ್ಕೆ ಮೆಲ್ಲಮೆಲ್ಲನೆ ಒಗ್ಗಿಕೊಂಡಿರುತ್ತವೆ. ಅಂಥವನ್ನು ಒಮ್ಮೆಲೇ ಒಳ್ಳೆಯ ನೀರಿಗೆ ಹಾಕಿದರೆ ಒಳ್ಳೆಯ ನೀರೇ ಆಘಾತವಾಗುತ್ತದೆ. ಸಿಹಿನೀರಿನ ಮೀನಿನ ಮೈಯೊಳಗಿನ ರಸ ಹೊರಗಿನ ನೀರಿಗಿಂತ ಉಪ್ಪಾದುದು. ಆದ್ದರಿಂದ ನೀರು ಸದಾ ಒಳಕ್ಕೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಸದಾ ಹೊರಹಾಕುತ್ತಿರುತ್ತದೆ. ನೀರಿನ ಲವಣಾಂಶ ಫಕ್ಕನೆ ಬದಲಾದರೆ ಈ ಲೆಕ್ಕಾಚಾರವೆಲ್ಲ ತಪ್ಪುತ್ತದೆ. ಸಾಗಣೆಗೆ ಎರಡು ವಾರ ಮುಂಚಿನಿಂದ ದಿನವೂ ಒಂದು ತಂಬಿಗೆ ಹಳೆಯ ನೀರನ್ನು ತೆಗೆದು ಒಂದು ತಂಬಿಗೆ ಹೊಸ ನೀರನ್ನು ಹಾಕುತ್ತ ಬಂದರೆ ಎರಡು ತೊಟ್ಟಿಗಳ ನೀರೂ ಹತ್ತಿರ ಹತ್ತಿರ ಬರುತ್ತವೆ.

ಇನ್ನು ಸಾಗಣೆಯ ದಿನ. ಹಿಂದಿನ ದಿನ ಮೀನಿಗೆ ಆಹಾರ ಹಾಕಬಾರದು. ಬರಿಹೊಟ್ಟೆಯ ಮೀನು ನೀರನ್ನು ಕೆಡಿಸುವುದು ಕಡಿಮೆ. ಬೆಳಗಿನ ತಂಪಿನಲ್ಲಿ ಕೆಲಸಕ್ಕೆ ತೊಡಗಬೇಕು. ಬಲೆಯಿಂದ ಅಟ್ಟಾಡಿಸಿ ಹಿಡಿಯುವುದಕ್ಕಿಂತ, ಬಲೆಯಿಂದ ಮೆಲ್ಲನೆ ಅಟ್ಟಿ ಮುಳುಗಿಸಿದ ಪಾತ್ರೆಯೊಳಕ್ಕೆ ಸೇರಿಸಿ ನೀರಿನ ಸಮೇತ ಎತ್ತುವುದು ಮೇಲು. ಮೀನಿನ ಮೈಮೇಲೆ ಒಂದು ಲೋಳೆಯ ಪದರವಿದೆ. ರೋಗಾಣುಗಳಿಗೆ ಅದೇ ಕೋಟೆ. ಒಣಗೈಯಿಂದ ಮುಟ್ಟಿದರೆ, ಒರಟು ಬಲೆಯಲ್ಲಿ ಒದ್ದಾಡಿದರೆ ಆ ಕೋಟೆ ಬಿರುಕು ಬಿಡುತ್ತದೆ. ಪಾತ್ರೆಯನ್ನೋ ಚೀಲವನ್ನೋ ಹೊಸ ತೊಟ್ಟಿಯಲ್ಲಿ ಹದಿನೈದಿಪ್ಪತ್ತು ನಿಮಿಷ ತೇಲಿಬಿಡಬೇಕು. ಮೀನು ಶೀತರಕ್ತದ ಪ್ರಾಣಿ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ಮೂರು ನಾಲ್ಕು ಡಿಗ್ರಿಗಳ ಹಠಾತ್ ವ್ಯತ್ಯಾಸವೂ ಅದನ್ನು ಕಂಗೆಡಿಸಬಲ್ಲದು. ಉಷ್ಣತೆ ಸಮವಾದ ಮೇಲೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಒಂದು ಬಟ್ಟಲು ಹೊಸ ನೀರನ್ನು ಅದರೊಳಗೆ ಬೆರೆಸುತ್ತ ಬಂದು, ಮುಕ್ಕಾಲು ಗಂಟೆಯ ಬಳಿಕ ಮೀನನ್ನು ಬಿಡಬಹುದು. ಪಾತ್ರೆಯ ಹಳೆಯ ನೀರನ್ನು ಹೊಸ ತೊಟ್ಟಿಗೆ ಸುರಿಯುವ ಅಗತ್ಯವಿಲ್ಲ.

ಈ ನಿಯಮಕ್ಕೆ ಒಂದು ಅಪವಾದವಿದೆ. ಅದನ್ನು ಅರಿಯದೆ ಬಹಳ ಮಂದಿ ಮೋಸಹೋಗುತ್ತಾರೆ. ದೂರದ ಊರಿನಿಂದ ಬಾಯಿ ಬಿಗಿದ ಚೀಲದಲ್ಲಿ ಬಹಳ ಹೊತ್ತು ಪಯಣಿಸಿ ಬಂದ ಮೀನಿನ ವಿಷಯವಿದು. ಅಮೋನಿಯ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ಒಂದು ಘೋರ ವಿಷ, ಇನ್ನೊಂದು ಬಹುಮಟ್ಟಿಗೆ ನಿರುಪದ್ರವಿ. ಯಾವುದು ಎಷ್ಟಿರಬೇಕೆಂಬುದನ್ನು ನೀರಿನ ಪಿ.ಎಚ್. ನಿರ್ಧರಿಸುತ್ತದೆ. ೨೫ ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. ೭ ಇದ್ದಾಗ ವಿಷರೂಪದ ಪಾಲು ನೂರರಲ್ಲಿ ಒಂದಕ್ಕೂ ಕಡಿಮೆ. ೮ಕ್ಕೆ ಏರಿದರೆ ನೂರರಲ್ಲಿ ಐದು. ೯ಕ್ಕೆ ಏರಿದರೆ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡ್ ನೀರನ್ನು ಹುಳಿಯಾಗಿಸಿ ಅಮೋನಿಯದ ಹಲ್ಲನ್ನು ಕಿತ್ತಿರುತ್ತದೆ. ಚೀಲವನ್ನು ಬಿಚ್ಚಿದೊಡನೆ ಆ ಅನಿಲ ಹಾರುತ್ತದೆ, ಪಿ.ಎಚ್. ಏರುತ್ತದೆ, ಮಲಗಿದ್ದ ವಿಷ ಏಳುತ್ತದೆ. ಅದಕ್ಕೆ ನಮ್ಮ ಕ್ಷಾರಗುಣದ ಕೊಳವೆಬಾವಿಯ ನೀರನ್ನು ಬಟ್ಟಲು ಬಟ್ಟಲಾಗಿ ಬೆರೆಸುತ್ತ ಕುಳಿತರೆ ಉಪಕಾರ ಮಾಡಹೋಗಿ ಅಪಕಾರವಾದೀತು. ಅಂಥ ಚೀಲವನ್ನು ಕಟ್ಟಿದಂತೆಯೇ ತೇಲಿಬಿಟ್ಟು, ಉಷ್ಣತೆ ಸಮವಾದ ಬಳಿಕ ಬಿಚ್ಚಿ, ತಡಮಾಡದೆ ಮೀನನ್ನು ಮಾತ್ರ ತೊಟ್ಟಿಗೆ ಸೇರಿಸುವುದೇ ಲೇಸು. ಗದಗದಿಂದ ಮುಂಡರಗಿಗೆ ಬಸ್ಸಿನಲ್ಲಿ ತಂದ ಚೀಲಕ್ಕೆ ಈ ಭಯವಿಲ್ಲ. ದಿನಗಟ್ಟಲೆ ಪ್ರಯಾಣ ಮಾಡಿ ಬಂದದ್ದಕ್ಕೆ ಇದೆ.

ಎಲ್ಲ ಮೀನುಗಳನ್ನೂ ಒಂದೇ ದಿನ ಸಾಗಿಸದೆ ಎರಡೋ ಮೂರೋ ಮೀನುಗಳನ್ನು ಮೊದಲು ಬಿಟ್ಟು, ವಾರ ಕಳೆದು ಉಳಿದವನ್ನು ಬಿಡುವುದು ಕ್ಷೇಮ. ಆ ದಿನ ದೀಪವನ್ನು ಆರಿಸಿರಬೇಕು. ಕತ್ತಲೆಯಲ್ಲಿ ಮೀನಿನ ಅಂಜಿಕೆ ಇಳಿಯುತ್ತದೆ. ಆಹಾರ ಮರುದಿನ, ಅದೂ ಚಿಟಿಕೆಯಷ್ಟು.

ಗಾಜಿನ ತೊಟ್ಟಿಯ ಈ ಶಿಸ್ತೆಲ್ಲ ಕೆರೆಗೆ ಮೀನುಮರಿ ಬಿಡುವವರಿಗೆ ಬಹುಕಾಲದಿಂದ ತಿಳಿದದ್ದೇ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ಮೂಲತಃ ಉತ್ತರದ ಹೊಳೆಗಳವು. ಈಗ ಅವು ನಮ್ಮ ಕೆರೆಗಳ ಮುಖ್ಯ ಬೆಳೆ. ಹಿಂದೆ ಅವುಗಳ ಮರಿಗಳನ್ನು ಹೊಳೆಯಲ್ಲಿಯೇ ಹಿಡಿಯಬೇಕಾಗಿತ್ತು. ಬಂಗಾಳದಲ್ಲಿ ಮಣ್ಣಿನ ಹಂಡೆಗಳಲ್ಲಿ ತುಂಬಿ, ದಾರಿಯುದ್ದಕ್ಕೂ ಹಂಡೆಯನ್ನು ಕೈಯಿಂದ ಅಲುಗಿಸುತ್ತ ಒಯ್ಯುತ್ತಿದ್ದರು. ಆ ಅಲುಗಾಟವೇ ನೀರಿಗೆ ಗಾಳಿ ಬೆರೆಸುವ ಯಂತ್ರ. ೧೯೫೭ರ ಜುಲೈ ೧೦ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಈ ಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಿಂತ ನೀರಿನಲ್ಲಿಯೇ ಮೊಟ್ಟೆ ಇಡಿಸಿದರು. ಅಂದಿನಿಂದ ಮರಿಗಳನ್ನು ಬೇಕಾದಲ್ಲಿ ಪಡೆಯುವುದು ಸಾಧ್ಯವಾಯಿತು. ಆ ದಿನವನ್ನು ಮೀನುಕೃಷಿಕರ ದಿನವೆಂದು ದೇಶದಾದ್ಯಂತ ಆಚರಿಸುತ್ತಾರೆ. ಈಗ ಮರಿಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತವೆ; ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ. ಸಾಗಿಸುವ ಮುನ್ನ ಅವುಗಳನ್ನು ಬಟ್ಟೆಯ ತೊಟ್ಟಿಲಿನಂಥ ಬಲೆಯಲ್ಲಿ ಒತ್ತೊತ್ತಾಗಿ ಕೂಡಿ ಉಪವಾಸ ಇಡುತ್ತಾರೆ. ಇಕ್ಕಟ್ಟಿಗೆ ಅಭ್ಯಾಸವಾಗಲಿ, ಹೊಟ್ಟೆ ಬರಿದಾಗಲಿ ಎಂಬುದು ಉದ್ದೇಶ. ಮಳೆಗಾಲದಲ್ಲಿ ತುಂಬಿದ ಕೆರೆಯ ದಂಡೆಗೆ ಬಂದ ಚೀಲಗಳನ್ನು ನೀರಿನಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ, ಕೆರೆಯ ನೀರು ಒಳಕ್ಕೆ ಹರಿಯುವಂತೆ ಓರೆಮಾಡಿ ಹಿಡಿಯುತ್ತಾರೆ. ಪಳಗಿದ ಮೀನುಗಾರನು ಮರಿಗಳನ್ನು ಎಂದೂ ಸುರಿಯುವುದಿಲ್ಲ. ಅವು ತಾವಾಗಿ ಹೊರಗೀಜುವವರೆಗೆ ಮೊಳಕಾಲುದ್ದ ನೀರಿನಲ್ಲಿ ಕಾಯುತ್ತ ನಿಂತಿರುತ್ತಾನೆ.

ಮೀನನ್ನು ಸಾಕಿ ನೋಡುವ ಹವ್ಯಾಸ ಈ ನೆಲಕ್ಕೆ ತೀರ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನಿನ ಬಗೆಗಳನ್ನೂ ಯಾವುದಕ್ಕೆ ಯಾವ ಆಹಾರ ಹಾಕಬೇಕೆಂಬುದನ್ನೂ ಅದರಲ್ಲಿ ಹೇಳಿದೆ. ವಿನೋದದ ಗುರಿ ಕಡೆಗೆ ಗಾಳವೇ ಆಗಿತ್ತೆಂಬುದು ಬೇರೆ ಮಾತು. ಲಕ್ಕುಂಡಿಯ ಬಾವಿಗಳಿಗೂ ಲಕ್ಷ್ಮೇಶ್ವರದ, ಡಂಬಳದ ದೇಗುಲಗಳಿಗೂ ಸಂಬಂಧಿಸಿದ ರಾಜವಂಶವೇ ಅದು.

ಮೀನು ಹೆಚ್ಚಾದಾಗ, ಅಥವಾ ಸಾಕುವ ಉತ್ಸಾಹ ಇಳಿದಾಗ, ‘ಕೆರೆಗೆ ಬಿಟ್ಟರಾಯಿತು; ಅದೂ ದೊಡ್ಡ ತೊಟ್ಟಿಯೇ ಅಲ್ಲವೇ’ ಎಂದು ಕೆಲವರಿಗೆ ತೋರುವುದುಂಟು. ದಯೆಯಂತೆ ಕಾಣುವ ಈ ಕೆಲಸವು ಕ್ರೌರ್ಯಕ್ಕೆ ಸಮಾನ. ತಿಲಾಪಿಯ ಮೀನನ್ನು ೧೯೫೨ರಲ್ಲಿ ಭಾರತಕ್ಕೆ ತಂದವರ ಉದ್ದೇಶ ಒಳ್ಳೆಯದೇ ಇತ್ತು. ಅದು ಕೆರೆಕುಂಟೆಗಳನ್ನು ತುಂಬಿಕೊಂಡು ನಾಡಮೀನುಗಳ ಪಾಲನ್ನು ಕಸಿಯಿತು. ಗಾಜಿಗಂಟಿದ ಪಾಚಿಯನ್ನು ತಿನ್ನಲೆಂದು ಮತ್ಸ್ಯಪ್ರಿಯರು ತರಿಸುವ ದಕ್ಷಿಣ ಅಮೆರಿಕದ ಕವಚಮೀನು ಈಗ ನಮ್ಮ ದೇಶದ ಅನೇಕ ಕೆರೆಹೊಳೆಗಳಲ್ಲಿ ಬಲೆ ಹರಿಯುವ ಪಿಡುಗಾಗಿದೆ. ಅದನ್ನು ಯಾವ ಇಲಾಖೆಯೂ ಬಿತ್ತಲಿಲ್ಲ. ಮನೆಮನೆಗಳ ತೊಟ್ಟಿಗಳಿಂದಲೇ ಹೋಯಿತು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆಯ ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ. ೨೦೨೪ರಲ್ಲಿ ಆ ಕೆರೆ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿತು. ಅಂಥ ಕೆರೆಗೆ ಒಬ್ಬ ಹುಡುಗನು ಒಂದು ಸಂಜೆ ಸುರಿದ ಒಂದು ಚೀಲ ಮೀನು ಏನು ಮಾಡೀತೆಂದು ಮುಂದಾಗಿ ಹೇಳಬಲ್ಲವರಿಲ್ಲ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಬಹುದು, ಸಾಕುವ ಗೆಳೆಯನಿಗೆ ಕೊಡಬಹುದು.

ನಮ್ಮ ಮನೆಯಲ್ಲಿ ಉಳಿದ ಎರಡು ಮೀನುಗಳನ್ನು ನಾವು ಹಳೆಯ ಚಿಕ್ಕ ತೊಟ್ಟಿಗೆ ಮರಳಿ ತಂದು, ದಿನವೂ ಅರ್ಧ ನೀರನ್ನು ಬದಲಿಸಿ ಉಳಿಸಿಕೊಂಡೆವು. ದೊಡ್ಡ ತೊಟ್ಟಿ ಬರಿಯ ನೀರನ್ನು ತುಂಬಿಕೊಂಡು ಆರು ವಾರ ಹಾಗೆಯೇ ನಿಂತಿತ್ತು. ಬಂದವರು ಮೀನೆಲ್ಲಿ ಎಂದು ಕೇಳುತ್ತಿದ್ದರು. ಸಿದ್ಧವಾಗುತ್ತಿದೆ ಎಂದು ಮಕ್ಕಳು ಉತ್ತರ ಕೊಡುತ್ತಿದ್ದರು. ಏಳನೆಯ ವಾರ ಅವೆರಡೂ ಅಲ್ಲಿಗೆ ಹೋದವು. ಚಿಕ್ಕ ತೊಟ್ಟಿಯನ್ನು ನಾವು ಎಸೆಯಲಿಲ್ಲ. ಮೈಮೇಲೆ ಬಿಳಿಯ ಚುಕ್ಕೆ ಎದ್ದ ಮೀನನ್ನು ಬೇರೆ ಇಡಲೂ, ಹೊಸದಾಗಿ ತಂದದ್ದನ್ನು ಎರಡು ಮೂರು ವಾರ ನಿಗಾದಲ್ಲಿ ಇಡಲೂ ಅದು ಬೇಕಾಗುತ್ತದೆ. ಈಗಲೂ ಅದು ಆ ಗೂಡಿನಲ್ಲಿಯೇ ಇದೆ. ಅದರ ಸ್ಪಂಜು ಕಂದುಬಣ್ಣದ್ದು, ಅದನ್ನು ತೊಳೆಯಬೇಕಾದಾಗ ತೊಟ್ಟಿಯಿಂದಲೇ ಒಂದು ತಂಬಿಗೆ ನೀರು ತೆಗೆದು ಅದರಲ್ಲಿಯೇ ಒಮ್ಮೆ ಮೆಲ್ಲನೆ ಅದ್ದಿ ಎತ್ತುತ್ತೇವೆ.